ಐದನೆಯ ಗೀರು

ಟಾಡ್‌ಮರ್ಡನ್
3 ಮಾರ್ಚ್ 2009

ವಿಲ್ಫ್‌ಗೆ,

ಮೊದಲು ಲೆಕ್ಕ, ಆಮೇಲೆ ಕುಶಲ. ಇಲ್ಲಿಯವರೆಗೆ ಆದದ್ದು: ಬೇರಿಂಗ್ ಎರಡು, ಹದಿನೆಂಟು ಪೌಂಡ್. ಗೇರು ಒಂದು, ಹನ್ನೊಂದೂವರೆ. ಮೋಟಾರು ರಿಪೇರಿಯವನು ಬಂದು, ಕಿವಿಗೊಟ್ಟು ಕೇಳಿ, "ಸದ್ದು ಬರ್ತಿದೆ ಕಣ್ರೀ" ಎಂದು ಹೇಳಿಹೋದದ್ದಕ್ಕೆ ಇಪ್ಪತ್ತೈದು. ಶನಿವಾರಗಳು ಹದಿನಾಲ್ಕು. ಎಡಗೈ ಹೆಬ್ಬೆರಳಿನ ಉಗುರು ಒಂದು. ಗೇರಿನ ಕೀಲಿಗಳು ಮೂರು ಜೊತೆ. ಅವು ಮಾತ್ರ ಪುಕ್ಕಟೆ. ಬ್ರೆಂಡಾಳ ತಾಳ್ಮೆಗೆ ನಾನು ಬೆಲೆ ಕಟ್ಟಿಲ್ಲ. ಮದುವೆಯಾದ ನಲವತ್ತಾರು ವರ್ಷದಲ್ಲಿ ಅದರ ದರ ಅವಳೇ ನಿಗದಿ ಮಾಡುತ್ತ ಬಂದಿದ್ದಾಳೆ.

ಯಂತ್ರ ನಿನಗೆ ಗೊತ್ತಿರುವುದೇ. ಏಳು ವರ್ಷದ ಹಿಂದೆ ಚೀನಾದಿಂದ ಬಂದ, ತಿರುಗುವ ಅಲಗಿನಿಂದ ಉಕ್ಕು ಕಡಿಯುವ ಪುಟ್ಟ ಕೆಂಪು ಮಿಲ್ಲಿಂಗ್ ಯಂತ್ರ. ನಾವಿಬ್ಬರೂ ಅದನ್ನು ಶೆಡ್ಡಿಗೆ ಹೊತ್ತು ತಂದ ದಿನ ನಿನ್ನ ಸೊಂಟವೂ ನನ್ನ ಬಾಗಿಲ ಚೌಕಟ್ಟೂ ಒಟ್ಟಿಗೇ ಹಾಳಾದವು. ಈಗ ಅದು ಉಕ್ಕು ಕಡಿಯುವಾಗ ಟಕ್ ಟಕ್ ಎನ್ನುತ್ತದೆ. ತಲೆ ಬಿಚ್ಚಿ ನೋಡಿದರೆ ಪ್ರತಿ ಸಲವೂ ಒಂದೇ ರೋಗ. ಗೇರು ದಂಡದ ಮೇಲೆ ಜಾರದಂತೆ ಹಿಡಿಯುವ ಉಕ್ಕಿನ ಕೀಲಿ ಇದೆಯಲ್ಲ, ಅರ್ಧ ದಂಡದ ತೋಡಿನಲ್ಲೂ ಅರ್ಧ ಗೇರಿನ ತೋಡಿನಲ್ಲೂ ಕೂರುವ, ಅರ್ಧ ಬೆಂಕಿಕಡ್ಡಿಯಷ್ಟು ಉದ್ದದ ತುಣುಕು, ಅದರ ಅಂಚು ಸವೆದು ಬಚ್ಚಲಿನ ಸೋಪಿನ ಚೂರಿನಂತಾಗಿರುತ್ತದೆ. ಹೊಸದು ಹಾಕುತ್ತೇನೆ. ಎರಡು ವಾರ ಸುಮ್ಮನಿರುತ್ತದೆ. ಮೂರನೆಯ ವಾರ ಗೊಣಗುತ್ತದೆ. ನಾಲ್ಕನೆಯ ವಾರ ಮತ್ತೆ ಟಕ್ ಟಕ್. ಏಕೆ? ನನಗೆ ಗೊತ್ತಿಲ್ಲ. ಗೊತ್ತಿರುವ ಒಬ್ಬನೇ ಮನುಷ್ಯ ಫೈಲಿಯ ಕಡಲ ದಂಡೆಯಲ್ಲಿ ಕೂತು ನನ್ನೊಂದಿಗೆ ಮಾತು ಬಿಟ್ಟು ಐದು ವರ್ಷವಾಗುತ್ತ ಬಂತು. ಫೋನು ಮಾಡಬಹುದಿತ್ತು. ಫೋನನ್ನು ನೀನು ಇಟ್ಟುಬಿಡಬಹುದು. ಕಾಗದವನ್ನು ಎಸೆಯುವ ಮುಂಚೆ ಒಮ್ಮೆಯಾದರೂ ಓದುತ್ತಾರೆ.

ಇದು ಯಂತ್ರದ ವಿಷಯ ಮಾತ್ರ. ಆ ಚೀಟಿಯ ವಿಷಯ ನಾನು ಎತ್ತುವುದಿಲ್ಲ. 2004ರಲ್ಲಿ ನಮ್ಮ ಮಾದರಿ ಯಂತ್ರ ತಯಾರಕರ ಸಂಘದ ಪ್ರದರ್ಶನದಲ್ಲಿ ನಾನು ಮಾಡಿದ ಪುಟ್ಟ ಉಗಿಬಂಡಿಯ ಮುಂದಿದ್ದ ಚೀಟಿಯಲ್ಲಿ, 'ಪರರಿಂದ ಮಾಡಿಸಿದ ಭಾಗಗಳು' ಎಂಬಲ್ಲಿ ನಾನು 'ಒತ್ತಡದ ಮಾಪಕ ಒಂದೇ' ಎಂದು ಬರೆದಿದ್ದೆ. ಅದರ ಕೆಳಗೆ ತೀರ್ಪುಗಾರನಾದ ನೀನು ಕೆಂಪು ಶಾಯಿಯಲ್ಲಿ 'ಚಕ್ರ ಜೋಡಿಸುವ ಸಲಾಕೆಗಳೂ ಪ್ರದರ್ಶಕನ ಸ್ವಂತ ಕೆಲಸವಲ್ಲ' ಎಂದು ಸೇರಿಸಿದೆ. ಅದನ್ನು ಎತ್ತುವುದಿಲ್ಲ. ಆ ಸಾಲು ಇಂದಿಗೂ ಸಂಘದ ಪುಸ್ತಕದಲ್ಲಿ ನನ್ನ ಹೆಸರಿನ ಎದುರಿಗಿದೆ, ಅದಿರುವ ತನಕ ನನಗೆ ಸ್ಪರ್ಧೆಯ ಮೇಜಿಲ್ಲ, ಕೇಕು ಮಾರುವ ಮೇಜಿನ ಪಕ್ಕದ ಜಾಗ. ಅದನ್ನೂ ಎತ್ತುವುದಿಲ್ಲ. ನನಗೆ ಎಪ್ಪತ್ತೊಂದು. ನಲವತ್ತು ವರ್ಷ, ಮೂರು ಅಂಗಡಿಯಲ್ಲಿ, ಮೀನು ಕರಿದೆ. ಕರಿದದ್ದೆಲ್ಲ ಅದೇ ಸಂಜೆ ಜನ ತಿಂದು ಮುಗಿಸಿದರು. ಈ ಕೈಯಿಂದ ಹುಟ್ಟಿ ಇನ್ನೂ ಉಳಿದಿರುವುದೆಂದರೆ ಆ ಎರಡು ಸಲಾಕೆ. ಅವು ನನ್ನವಲ್ಲವಂತೆ. ಅದನ್ನಂತೂ ಎತ್ತುವುದೇ ಇಲ್ಲ.

ಟಕ್ ಟಕ್ ಏಕೆ, ಹೇಳು.

ನೆವಿಲ್ ಬ್ಯಾರಕ್ಲಫ್

*

ಫೈಲಿ
29 ಮಾರ್ಚ್ 2009

ಬ್ಯಾರಕ್ಲಫ್,

ಟಕ್ ಟಕ್ ಎಂದರೆ ಏನೂ ತಿಳಿಯದು. ಮೆದು ಉಕ್ಕಿನ ಪಟ್ಟಿ ತೆಗೆದುಕೊ. ನಿಧಾನದ ಗೇರು. ಸಣ್ಣ ಅಲಗಿನಿಂದ ನಾಲ್ಕು ಇಂಚು ಉದ್ದದ ತಗ್ಗೊಂದನ್ನು ಕಡಿ. ಉಜ್ಜಬೇಡ, ಹೊಳಪು ಕೊಡಬೇಡ. ಹಾಗೇ ಕಳಿಸು.

ವಿ. ಸಟ್‌ಕ್ಲಿಫ್

*

ಟಾಡ್‌ಮರ್ಡನ್
4 ಏಪ್ರಿಲ್ 2009

ವಿಲ್ಫ್‌ಗೆ,

ಪಟ್ಟಿ ಇದರೊಂದಿಗಿದೆ. ನಿನ್ನ ಕಾರ್ಡಿನಲ್ಲಿದ್ದ ಪದಗಳನ್ನು ಎಣಿಸಿದೆ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ನಾಲ್ಕೈದು ಪದ ಬೀಳುತ್ತದೆ. ನಿನ್ನ ಮಟ್ಟಿಗೆ ಇದು ದುಂದು.

ಉಜ್ಜಬೇಡ ಎಂದೆಯಲ್ಲ, ಅದು ಕಷ್ಟವಾಯಿತು. ಅಂಗಡಿಯಲ್ಲಿ ಗಿರಾಕಿಗೆ ಪೊಟ್ಟಣ ಕೊಡುವ ಮುಂಚೆ ಕೌಂಟರು ಒರೆಸುವ ಕೈ ಇದು. ಬ್ರೆಂಡಾ ಅಂಚೆಲಕೋಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಏನ್ರೀ ಅದು?"

"ಉಕ್ಕಿನ ಪಟ್ಟಿ. ವಿಲ್ಫ್‌ಗೆ."

"ಐದು ವರ್ಷ ಆದ್ಮೇಲೆ ಉಕ್ಕು ಕಳಿಸ್ತಿದೀರಾ? ಒಂದು ಡಬ್ಬಿ ಬಿಸ್ಕತ್ತು ಕಳಿಸೋದಲ್ವಾ?"

"ಅವನು ಬಿಸ್ಕತ್ತನ್ನೂ ಅಳತೆ ಮಾಡಿ ಸೊಟ್ಟ ಅಂತ ವಾಪಸ್ ಕಳಿಸ್ತಾನೆ ಕಣೇ."

ಅವಳು ನಗಲಿಲ್ಲ. ನೀನು ಊರು ಬಿಟ್ಟಾಗ ಅವಳು ನಿಮ್ಮ ಮನೆಗೆ ಬಂದು ಪರದೆಗಳನ್ನು ಮಡಿಸಿಕೊಟ್ಟದ್ದು ನನಗೆ ಆಮೇಲೆ ತಿಳಿಯಿತು. ನಾನು ಆ ದಿನ ಶೆಡ್ಡಿನಲ್ಲಿದ್ದೆ. ಮಾಡಲು ಏನೂ ಕೆಲಸವಿರಲಿಲ್ಲ.

ನೆವಿಲ್

*

ಫೈಲಿ
2 ಮೇ 2009

ನೆವಿಲ್,

ಭೂತಗನ್ನಡಿ ಹಿಡಿದು ನೋಡಿದೆ. ತಗ್ಗಿನ ತಳದಲ್ಲಿ ಅಲಗಿನ ಗೀರುಗಳಿವೆ. ನಾಲ್ಕು ತೆಳುವು, ಐದನೆಯದು ಆಳ. ಮತ್ತೆ ನಾಲ್ಕು, ಮತ್ತೆ ಒಂದು. ನಾಲ್ಕು ಇಂಚಿನಲ್ಲಿ ಎಲ್ಲಿಯೂ ತಪ್ಪಿಲ್ಲ.

ಕಾರಣ ಇದು. ನಡುದಂಡದ ಚಿಕ್ಕ ಗೇರಿಗೆ ಹದಿನೈದು ಹಲ್ಲು. ಅಲಗು ತಿರುಗಿಸುವ ದೊಡ್ಡ ಗೇರಿಗೆ ನಲವತ್ತೆಂಟು. ಅಲಗು ಐದು ಸುತ್ತು ಸುತ್ತುವಾಗ ನಡುದಂಡ ಸರಿಯಾಗಿ ಹದಿನಾರು ಸುತ್ತುತ್ತದೆ. ಹಾಗಾಗಿ ಐದು ಸುತ್ತಿಗೊಮ್ಮೆ ಎರಡೂ ಹೊರಟ ಜಾಗಕ್ಕೇ ಬರುತ್ತವೆ. ಚಿಕ್ಕ ಗೇರು ದಂಡದ ಮೇಲೆ ಸಡಿಲವಾಗಿದ್ದರೆ ಅಲ್ಲಿ ಒದೆಯುತ್ತದೆ. ಬೇರಿಂಗು, ಮೋಟಾರು ಯಾವುದರದೂ ತಪ್ಪಿಲ್ಲ. ನಿನ್ನ ಕೀಲಿ ತೋಡಿಗಿಂತ ಸಣ್ಣದು. ಹೊಸದಾಗಿದ್ದಾಗಲೂ ಸಣ್ಣದು, ಅದಕ್ಕೇ ಬೇಗ ಸವೆಯುತ್ತದೆ.

ಕೀಲಿಯನ್ನೂ ತೋಡನ್ನೂ ಅಳೆದು ಬರೆ. ಆ ಉಕ್ಕು ಎಲ್ಲಿಂದ ತಂದೆ? ಯಾರೋ ತಿಳಿಯದವನು ಮಾರಿರಬೇಕು.

ವಿಲ್ಫ್

*

ಟಾಡ್‌ಮರ್ಡನ್
9 ಮೇ 2009

ಪ್ರಿಯ ವಿಲ್ಫ್,

ಈ ಕಾಗದವನ್ನು ನಿಧಾನವಾಗಿ ಬರೆಯುತ್ತಿದ್ದೇನೆ. ಇಂಥ ಕಾಗದ ಬರೆಯುವ ಯೋಗ ದಿನಾ ಬರುವುದಿಲ್ಲ.

ಕೀಲಿ ಅಳೆದೆ: ಒಂದು ಇಂಚನ್ನು ಮೂವತ್ತೆರಡು ಪಾಲು ಮಾಡಿದರೆ ಅದರಲ್ಲಿ ಐದು ಪಾಲು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ತೋಡು ಅಳೆಯಲು ನನ್ನ ಬಳಿ ಸರಿಯಾದ ಸಾಧನವಿಲ್ಲ. ಆದರೆ ನಾಲ್ಕು ಮಿಲಿಮೀಟರಿನ ಡ್ರಿಲ್ಲಿನ ಬಾಲವನ್ನು ಅದರೊಳಗೆ ಇಟ್ಟರೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಎಲೆಕೋಸಿನ ಹಾಗೆ ಕೂರುತ್ತದೆ, ಅಲುಗಾಡುವುದಿಲ್ಲ. ಅಂದರೆ ತೋಡು ನಾಲ್ಕು ಮಿಲಿಮೀಟರ್. ಚೀನಾದವರು ಮಿಲಿಮೀಟರಿನಲ್ಲಿ ಮಾಡಿದ್ದಾರೆ, ಕೀಲಿ ಇಂಚಿನದು. ನಡುವಿನ ವ್ಯತ್ಯಾಸ ಅರ್ಧ ತಲೆಗೂದಲು. ಆ ಅರ್ಧ ಕೂದಲಿಗೆ ನಾನು ಐವತ್ನಾಲ್ಕೂವರೆ ಪೌಂಡ್ ತೆತ್ತಿದ್ದೇನೆ.

ಈಗ ಆ ಉಕ್ಕು ಮಾರಿದ ತಿಳಿಯದವನ ವಿಷಯ. ಅವನು ಮಾರಲಿಲ್ಲ, ಕೊಟ್ಟ. ಒಂದು ತಂಬಾಕಿನ ಡಬ್ಬಿ ತುಂಬ ಕೀಲಿಯ ಉಕ್ಕು. ಮುಚ್ಚಳದ ಮೇಲೆ ನೀಟಾದ ಅಕ್ಷರದಲ್ಲಿ, ಅಡಿಗೆರೆ ಎಳೆದು, 'ಇಂಚು ಮಾತ್ರ' ಎಂದಿದೆ. ಅಕ್ಷರ ಯಾರದೆಂದು ಹೇಳಲೇ? 2002ರ ಚಳಿಗಾಲ ನೆನಪು ಮಾಡಿಕೊ. ನಾನು ಅಲಗನ್ನು ಉಕ್ಕಿನಲ್ಲಿ ಸಿಕ್ಕಿಸಿ, ಯಂತ್ರದೊಂದಿಗೆ ಬಂದಿದ್ದ ಕಾರ್ಖಾನೆಯ ಕೀಲಿಗಳನ್ನು ಜಜ್ಜಿಹಾಕಿದ್ದೆ. ನೀನು ಬಂದೆ, ನನ್ನ ಸ್ಟೂಲಿನ ಮೇಲೆ ಕೂತೆ, ಡಬ್ಬಿ ತೆಗೆದೆ. ನಾನು ಕೇಳಿದೆ:

"ವಿಲ್ಫ್, ಇದು ಮಿಲಿಮೀಟರಿನ ಯಂತ್ರ ಅಲ್ವೇನಯ್ಯಾ?"

ನೀನು ನನ್ನನ್ನು ನೋಡಲೂ ಇಲ್ಲ. "ಮಿಲಿಮೀಟರ್ ಅನ್ನೋದು ಅಳತೆ ಬರ್ದೇ ಇರೋರ ಅಳತೆ ಕಣೋ. ಇದು ಕೂತ್ಕೊಳ್ಳುತ್ತೆ. ನೀನು ಹೋಗಿ ಟೀ ಮಾಡು."

ನಾನು ಹೋಗಿ ಟೀ ಮಾಡಿದೆ. ನಲವತ್ತಾರು ವರ್ಷ ಉಪಕರಣಶಾಲೆಯಲ್ಲಿ ಪಳಗಿದವನ ಮುಂದೆ ಮೀನು ಕರಿಯುವವನು ಇನ್ನೇನು ಮಾಡಬೇಕು? ಅಂದಿನಿಂದ ಇಂದಿನವರೆಗೆ ಕೀಲಿ ಸವೆದಾಗಲೆಲ್ಲ ಅದೇ ಡಬ್ಬಿಯಿಂದಲೇ ಹೊಸದು ಕತ್ತರಿಸಿ ಹಾಕುತ್ತ ಬಂದೆ. ನೀನು ಕೊಟ್ಟದ್ದು ತಪ್ಪಾಗಿರಬಹುದು ಎಂಬುದೊಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಪರೀಕ್ಷಿಸಿದೆ.

ಇದನ್ನು ಬ್ರೆಂಡಾಗೆ ಓದಿ ಹೇಳಿದೆ. "ಇಷ್ಟೊಂದು ಖುಷಿ ಪಡ್ಬೇಡಿ, ಬಿ.ಪಿ. ಏರುತ್ತೆ" ಎಂದಳು. ಏರಲಿ ಬಿಡು.

ನಿನ್ನ,
ನೆವಿಲ್

*

ಟಾಡ್‌ಮರ್ಡನ್
18 ಜೂನ್ 2009

ಪ್ರಿಯ ವಿಲ್ಫ್,

ಆರು ವಾರವಾಯಿತು, ಉತ್ತರವಿಲ್ಲ. ನನ್ನ ಹಿಂದಿನ ಕಾಗದದಲ್ಲಿ ಉಪ್ಪು ತುಸು ಹೆಚ್ಚಾಯಿತು ಎಂದು ಬ್ರೆಂಡಾ ಹೇಳುತ್ತಾಳೆ. ಇರಬಹುದು.

ನಾಲ್ಕು ಮಿಲಿಮೀಟರಿನ ಕೀಲಿ ಉಕ್ಕು ತರಿಸಿದ್ದೇನೆ. ಒಂದಡಿಗೆ ಎರಡು ಪೌಂಡ್ ಅರವತ್ತು. ಈ ಶನಿವಾರ ಎರಡೂ ಕೀಲಿ ಬದಲಿಸುತ್ತೇನೆ. ಅಲ್ಲಿಗೆ ಕಥೆ ಮುಗಿಯಿತು. ರೋಗ ಹಿಡಿದುಕೊಟ್ಟದ್ದು ನೀನು, ಅದಕ್ಕೆ ಉಪಕಾರ.

ನೆವಿಲ್

*

ಫೈಲಿ
19 ಜೂನ್ 2009, ಶುಕ್ರವಾರ

ನೆವಿಲ್,

ಕೀಲಿ ಮುಟ್ಟಬೇಡ. ಹಳೆಯದನ್ನು ಹಾಗೇ ಬಿಡು. ಹಳೆಯ ಬಂಡಿಯ ಆ ಎರಡು ಸಲಾಕೆ ಇನ್ನೂ ಇವೆಯೇ? ಇದ್ದರೆ ಒರೆಸಬೇಡ.

ವಿಲ್ಫ್

*

ಟಾಡ್‌ಮರ್ಡನ್
21 ಜೂನ್ 2009

ವಿಲ್ಫ್,

ಅಂಚೆಯವನು ಬಂದದ್ದು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ. ಯಂತ್ರದ ತಲೆ ಬಿಚ್ಚಿತ್ತು. ಗೇರು ಕಳಚಲು ಎರಡು ಸ್ಕ್ರೂಡ್ರೈವರು ಎರಡು ಕಡೆಯಿಂದ ಚುಚ್ಚಿ ನಿಂತಿದ್ದೆ. ಇನ್ನೊಂದು ಮೀಟು ಮೀಟಿದ್ದರೆ ಹಳೆಯ ಕೀಲಿ ಕಸದ ಬುಟ್ಟಿಯಲ್ಲಿರುತ್ತಿತ್ತು. ಬ್ರೆಂಡಾ ಅಂಗಳದಿಂದಲೇ ಕೂಗಿದಳು: "ರೀ, ಕೈ ತೆಗೀರಿ! ವಿಲ್ಫ್ ಏನೂ ಮುಟ್ಟಬಾರ್ದಂತೆ!" ಕೈ ತೆಗೆದೆ. ಯಾಕೆಂದು ಗೊತ್ತಿಲ್ಲದೆಯೇ ನಿನ್ನ ಮಾತು ಕೇಳುವುದು ನನಗೆ ಹಳೆಯ ರೋಗ.

ಸಲಾಕೆಗಳಿವೆ. ಬಂಡಿಯ ಸಮೇತ, 2004ರ ಅಕ್ಟೋಬರಿನ ಆ ಸಂಜೆ ಪ್ರದರ್ಶನದಿಂದ ತಂದು ಸುತ್ತಿಟ್ಟ ಕಂಬಳಿಯಲ್ಲೇ ಇವೆ. ಬಿಚ್ಚಿಲ್ಲ, ಉಗಿ ಹಾಕಿಲ್ಲ. ನಮ್ಮ ಸಂಘದ ಪುಟ್ಟ ಹಳಿಯ ಮೇಲೆ ಒಂದು ಭಾನುವಾರವೂ ಓಡಿಸಲಿಲ್ಲ. ಓಡಿಸಿದರೆ ಜನ ಸಲಾಕೆಯನ್ನೇ ನೋಡುತ್ತಿದ್ದರು.

ಈಗ ನೀನು ಅವನ್ನು ಏಕೆ ಕೇಳುತ್ತಿದ್ದೀಯ? ಇದನ್ನು ಎತ್ತುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ. ಎತ್ತಿದವನು ನೀನು. ಹಾಗಾದರೆ ಕೇಳು. ಆ ಸಲಾಕೆಗೆ ನಾನು ಹನ್ನೊಂದು ವಾರ ಕೂತಿದ್ದೆ. ಮೊದಲ ಜೊತೆ ಸೊಟ್ಟವಾಯಿತು, ಬಿಸಾಡಿದೆ. ಎರಡನೆಯದರಲ್ಲಿ ತೂತು ಜರುಗಿತು, ಬಿಸಾಡಿದೆ. ಮೂರನೆಯ ಜೊತೆ ಅದು. ನೀನು ಕೆಂಪು ಶಾಯಿ ತೆಗೆದು ಎಷ್ಟು ನಿಮಿಷ ಕೂತೆ?

ನೆವಿಲ್

*

ಫೈಲಿ
1 ಜುಲೈ 2009

ನೆವಿಲ್,

ನನಗೆ ಉದ್ದ ಬರೆಯಲು ಬರುವುದಿಲ್ಲ. ಇದನ್ನು ನಾಲ್ಕು ಸಲ ಬರೆದೆ.

ಆ ವರ್ಷ ಸೆಪ್ಟೆಂಬರಿನಲ್ಲಿ, ಸಭೆ ಮುಗಿಸಿ ಪಬ್ಬಿನಲ್ಲಿ ಕೂತಿದ್ದೆವು. ಡೆನ್ನಿಸ್ ಗ್ರೀನ್‌ವುಡ್ ನಿನ್ನನ್ನು, "ಆ ಸಲಾಕೆ ಅಷ್ಟು ಚೆನ್ನಾಗಿ ಹೆಂಗ್ ಮಾಡ್ದೆ?" ಎಂದು ಕೇಳಿದ. ನೀನು ಹೇಳಿದೆ: "ಶೆಫೀಲ್ಡಲ್ಲಿ ಒಬ್ಬನಿಗೆ ಇನ್ನೂರು ಪೌಂಡ್ ಬಿಸಾಕ್ದೆ ಕಣಯ್ಯ. ಕೈ ಮಸಿ ಮಾಡ್ಕೊಳ್ಳೋಕೆ ನಂಗೇನು ಹುಚ್ಚಾ?" ನಿನ್ನ ಮುಖದಲ್ಲಿ ನಗುವಿರಲಿಲ್ಲ. ನಾನು ನಂಬಿದೆ. ನಿನಗೆ ಕಲಿಸಿದವನು ನಾನು. ನೀನು ಹೋಗಿ ದುಡ್ಡು ಕೊಟ್ಟು ಮಾಡಿಸಿದೆ ಎಂದುಕೊಂಡೆ. ನೋವಾಯಿತು. ಪ್ರದರ್ಶನದ ದಿನ ಸಲಾಕೆಯ ಹೊರಮೈ ಮಾತ್ರ ನೋಡಿದೆ. ಕನ್ನಡಿಯಂತಿತ್ತು. ನೀನಾಗಿ ಬಂದು ತಮಾಷೆ ಎನ್ನುತ್ತೀಯೆಂದು ಕಾದೆ. ನೀನು ಬರಲಿಲ್ಲ.

ಏಪ್ರಿಲಿನಲ್ಲಿ ಬಂದ ನಿನ್ನ ಪಟ್ಟಿ ಈಗಲೂ ಮೇಜಿನ ಮೇಲಿದೆ. ನಾಲ್ಕು ತೆಳುವು, ಒಂದು ಆಳ. ಈ ಆರು ವಾರ ಯೋಚಿಸಿದ್ದು ಇದು. ಕಾರ್ಖಾನೆಯ ಕೀಲಿ ಇರುವ ಯಂತ್ರ ಹಾಗೆ ಗೀರುವುದಿಲ್ಲ. ಆ ಹಲ್ಲಿನ ಲೆಕ್ಕವೂ ಬೇಕು, ಇಂಚಿನ ಕೀಲಿಯೂ ಬೇಕು. ಮಿಲಿಮೀಟರಿನ ತೋಡಿನಲ್ಲಿ ಇಂಚಿನ ಕೀಲಿ ಹಾಕಿದ ಮೂರ್ಖ ಇಂಗ್ಲೆಂಡಿನಲ್ಲಿ ಒಬ್ಬನೇ ಇರಬೇಕು, ಅವನು ಹಾಕಿದ್ದು ಒಂದೇ ಯಂತ್ರಕ್ಕೆ. 2002ರಿಂದ ನಿನ್ನ ಯಂತ್ರ ಕಡಿದದ್ದರಲ್ಲೆಲ್ಲ ಆ ಗುರುತು ಇರಲೇಬೇಕು.

ಸಲಾಕೆಯ ನಡುವೆ ಉದ್ದಕ್ಕೂ ಒಂದು ತಗ್ಗಿದೆಯಲ್ಲ, ಅದರ ತಳಕ್ಕೆ ಹೊಳಪು ಕೊಡುವ ಬಟ್ಟೆ ಮುಟ್ಟುವುದಿಲ್ಲ. ಅಲ್ಲಿ ನೋಡು. ನೀನೊಬ್ಬನೇ ನೋಡಬೇಡ. ಹೋಲ್‌ರಾಯ್ಡ್‌ನನ್ನು ಕರೆ, ಸಂಘದ ಕಾರ್ಯದರ್ಶಿಯಾಗಿ. ಅವನ ಮುಂದೆಯೇ ಕಂಬಳಿ ಬಿಚ್ಚು. ಹಳೆಯ ಕೀಲಿ ಇರುವಾಗಲೇ ಹೊಸ ಪಟ್ಟಿ ಕಡಿದು ಪಕ್ಕದಲ್ಲಿಡು. ಆಮೇಲೆ ಕೀಲಿ ಬದಲಿಸು, ಇನ್ನೊಂದು ಪಟ್ಟಿ ಕಡಿ. ಬದಲಿಸಿದ ಮೇಲೆ ಆ ಗುರುತು ಈ ಲೋಕದಲ್ಲಿ ಮತ್ತೆ ಹುಟ್ಟುವುದಿಲ್ಲ. ಅದಕ್ಕೇ ಮುಟ್ಟಬೇಡ ಎಂದದ್ದು.

ಗುರುತು ಇಲ್ಲದಿದ್ದರೆ ನನಗೆ ಬರೆಯಬೇಡ. ಇದ್ದರೆ ಬರೆ. ಸೊಂಟದಿಂದಾಗಿ ನಾನು ರೈಲು ಹತ್ತಲಾರೆ.

ವಿಲ್ಫ್

*

ಟಾಡ್‌ಮರ್ಡನ್
15 ಜುಲೈ 2009

ಪ್ರಿಯ ವಿಲ್ಫ್,

ಬರೆಯುತ್ತಿದ್ದೇನೆ. ಅಲ್ಲಿಗೆ ಅರ್ಧ ಸುದ್ದಿ ನಿನಗೆ ಗೊತ್ತಾಯಿತು. ಮಿಕ್ಕರ್ಧಕ್ಕೆ ಕುರ್ಚಿ ಎಳೆದುಕೊ.

ನಾನು ಕರೆದದ್ದು ಒಬ್ಬ ಹೋಲ್‌ರಾಯ್ಡ್‌ನನ್ನು. ನಿನ್ನೆ ಮಂಗಳವಾರ ಸಂಜೆ ಆರಕ್ಕೆ ಬಂದವರು ಹನ್ನೊಂದು ಜನ. ಹತ್ತಡಿಗೆ ಎಂಟಡಿಯ ಶೆಡ್ಡಿನಲ್ಲಿ ಹನ್ನೊಂದು ಹೊಟ್ಟೆ. ಬ್ರೆಂಡಾ ಕಿಟಕಿಯಿಂದ ಟೀ ಒಳಗೆ ದಾಟಿಸುತ್ತಿದ್ದಳು. ಡೆನ್ನಿಸ್ ಬಾಗಿಲಲ್ಲೇ ನಿಂತು ಶುರುಮಾಡಿದ:

"ಏನಯ್ಯ, ಮೀನು ಕರಿಯೋನ ಮನೇಲಿ ಮೀನಿನ ವಾಸ್ನೆನೇ ಇಲ್ವಲ್ಲ. ಮ್ಯಾಜಿಕ್ ಶೋ ಎಷ್ಟೊತ್ತಿಗೆ?"

"ಟಿಕೆಟ್ ತಗೊಂಡೋರಿಗೆ ಮಾತ್ರ ಡೆನ್ನಿಸ್. ನೀನು ಟೀ ಕುಡ್ಕೊಂಡು ಹೋಗು."

ಮೊದಲು ಹಳೆಯ ಕೀಲಿ ಇದ್ದ ಹಾಗೆಯೇ ಒಂದು ಪಟ್ಟಿ ಕಡಿದೆ. ಟಕ್ ಟಕ್ ಎಲ್ಲರಿಗೂ ಕೇಳಿಸಿತು. ಆಮೇಲೆ ಕಂಬಳಿ ಬಿಚ್ಚಿದೆ. ಆಗ ತಲೆಯಲ್ಲಿದ್ದದ್ದು ಒಂದೇ, ನಿನಗೊಬ್ಬನಿಗೇ ಹೇಳುತ್ತೇನೆ. ಗುರುತು ಇರದಿದ್ದರೆ? ಹನ್ನೊಂದು ಜನರ ಮುಂದೆ, ನನ್ನದೇ ಶೆಡ್ಡಿನಲ್ಲಿ, ನಾನೇ ಕರೆದು ಕೂರಿಸಿದವರ ಮುಂದೆ, ಎರಡನೆಯ ಸಲ ಕಳ್ಳನಾಗುತ್ತಿದ್ದೆ. ಮೂರು ಅಂಗಡಿ ಸಾಲದ ಮೇಲೆ ತೆರೆದಾಗಲೂ ನಾನು ಅಷ್ಟು ಬೆವರಿರಲಿಲ್ಲ.

ಹೋಲ್‌ರಾಯ್ಡ್ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಸಲಾಕೆಯ ತಗ್ಗಿಗೆ ಟಾರ್ಚು ಬಿಟ್ಟ. ನಿನಗೆ ಗೊತ್ತಲ್ಲ, ಅವನು ಬ್ಯಾಂಕಿನಲ್ಲಿದ್ದವನು, ಎಣಿಸುವಾಗ ಯಾರೂ ಉಸಿರಾಡಬಾರದು.

"ಒಂದು. ಎರಡು. ಮೂರು. ನಾಲ್ಕು." ನಿಂತ. ನಾನು ಗೋಡೆ ನೋಡುತ್ತಿದ್ದೆ. "ಐದು... ಆಳ ಇದೆ."

"ಧೂಳು ಇರ್ಬೇಕು" ಎಂದ ಡೆನ್ನಿಸ್.

"ಸುಮ್ನಿರಯ್ಯ! ಒಂದು, ಎರಡು, ಮೂರು, ನಾಲ್ಕು... ಆಳ. ಒಂದು, ಎರಡು, ಮೂರು, ನಾಲ್ಕು... ಆಳ." ಐದನೆಯ ಸಲಕ್ಕೆ ಶೆಡ್ಡಿನವರೆಲ್ಲ ಅವನೊಟ್ಟಿಗೆ ಎಣಿಸುತ್ತಿದ್ದರು. ಕಿಟಕಿಯ ಹೊರಗಿನಿಂದ ಬ್ರೆಂಡಾಳ ಧ್ವನಿಯೂ ಸೇರಿತು. ಸಲಾಕೆಯ ಈ ತುದಿಯಿಂದ ಆ ತುದಿವರೆಗೆ, ಮೂವತ್ತೊಂದು ಸಲ, ಒಂದೂ ತಪ್ಪದೆ. ಎರಡನೆಯ ಸಲಾಕೆಯಲ್ಲೂ ಅಷ್ಟೇ. ಪಕ್ಕದಲ್ಲಿಟ್ಟ ಹೊಸ ಪಟ್ಟಿಯಲ್ಲೂ ಅಷ್ಟೇ.

ಡೆನ್ನಿಸ್ ಬಿಡುವವನೇ? "ಇದೇ ಕೆಂಪು ಯಂತ್ರ ನನ್ ಹತ್ರಾನೂ ಇದೆ. ಎಲ್ಲಾ ಚೀನಾ ಮಾಲೂ ಹಿಂಗೇ ಗೀರುತ್ತೆ."

"ಹಂಗಾದ್ರೆ ಕಡ್ಕೊಂಡು ಬಾ ಹೋಗು."

ಅವನ ಮನೆ ಎರಡು ಬೀದಿಯಾಚೆ. ಹೋದ. ಮುಕ್ಕಾಲು ಗಂಟೆಗೆ ಪಟ್ಟಿ ಹಿಡಿದು ಬಂದ. ಫಲಿತಾಂಶ ಅವನ ಮುಖದಲ್ಲೇ ಇತ್ತು. ಹೋಲ್‌ರಾಯ್ಡ್ ನೋಡಿದ: ಎಲ್ಲ ಗೀರೂ ಒಂದೇ ಸಮ. ಡೆನ್ನಿಸ್ ಟೋಪಿ ತೆಗೆದು, "ಆಯ್ತು ಮಾರಾಯ, ನಿಂದೇ. ಪಬ್ಬಲ್ಲಿ ಯಾಕೆ ಶೆಫೀಲ್ಡು ಅಂದೆ ಮತ್ತೆ?" ಎಂದು ಕೇಳಿದ.

"ತಮಾಷೆಗೆ."

"ನಗ್ಲೇ ಇಲ್ವಲ್ಲೋ ನೀನು!"

"ನಕ್ಕೊಂಡು ಹೇಳಿದ್ರೆ ಅದು ತಮಾಷೆ ಅಲ್ಲ ಕಣೋ, ವ್ಯಾಪಾರ."

ಈ ಮಾತಿಗೂ ನಗದೆ ನಿಂತಿದ್ದೆ. ಆಗ ಬ್ರೆಂಡಾ ಕಿಟಕಿಯಿಂದ ತಲೆ ತೂರಿಸಿ, "ಐದು ವರ್ಷ ಆ ತಮಾಷೇಗೆ ನಾನು ಒಬ್ಳೇ ಊಟಕ್ಕೆ ಕೂತಿದೀನಿ. ಇವರು ಇಲ್ಲೇ ಕೂತು ಗೋಡೆ ನೋಡ್ತಿದ್ರು" ಎಂದಳು. ಈ ಲೆಕ್ಕದಲ್ಲಿ ನನ್ನ ಪಾಲಿನ ತಪ್ಪು ಅದು, ವಿಲ್ಫ್. ನೀನು ನಾನು ಬರಲೆಂದು ಕಾದೆ. ನಾನು ನೀನು ಕೇಳಲೆಂದು ಕಾದೆ. ಇಬ್ಬರೂ ಬೇರೆ ಬೇರೆ ನಿಲ್ದಾಣದಲ್ಲಿ ಒಂದೇ ರೈಲಿಗೆ ನಿಂತಿದ್ದೆವು.

ಆಮೇಲೆ ಕೀಲಿ. ಎಲ್ಲರ ಎದುರಿಗೇ ಬದಲಿಸಿದೆ. ಗೇರನ್ನು ಹಿಡಿದಿಡುವ ಉಂಗುರ ತೆಗೆದೆ, ಗೇರು ಮೀಟಿ ಎಬ್ಬಿಸಿದೆ, ಹಳೆಯ ಕೀಲಿಗಳನ್ನು ಇಕ್ಕಳದಲ್ಲಿ ಎಳೆದು ಹೋಲ್‌ರಾಯ್ಡ್‌ನ ಅಂಗೈಯಲ್ಲಿಟ್ಟೆ. ತೋಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಉಕ್ಕು ಕತ್ತರಿಸಿ, ತುದಿ ಅರದಿಂದ ದುಂಡು ಮಾಡಿ, ಅಂಚಿನ ಚೂಪು ಮುರಿದೆ. ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಳಿಯಿತು, ಅಲ್ಲಿ ನಿಂತಿತು. ಹಿತ್ತಾಳೆ ಸುತ್ತಿಗೆಯಿಂದ ಎರಡು ಪೆಟ್ಟು. ಕೂತಿತು. ಗೇರು ಅದರ ಮೇಲೆ ಇಳಿಯುವಾಗ ಏನೂ ಸದ್ದಿಲ್ಲ, ಒಂದು ನಿಟ್ಟುಸಿರು ಅಷ್ಟೇ. ಗೇರು ಹಿಡಿದು ಅಲುಗಿಸಿದೆ. ದಂಡವೂ ಗೇರೂ ಒಂದೇ ಉಕ್ಕಿನಿಂದ ಕಡೆದ ಹಾಗಿತ್ತು.

ಯಂತ್ರ ಹಾಕಿದೆ. ಟಕ್ ಇಲ್ಲ. ಹನ್ನೊಂದು ಜನರೂ ತಲೆ ಬಾಗಿಸಿ ಆ ಇಲ್ಲದ ಸದ್ದನ್ನು ಕೇಳಿದರು. ಕಡಿದ ಪಟ್ಟಿ ರೇಷ್ಮೆಯಂತಿತ್ತು. ಐದನೆಯ ಗೀರು ಹೋಯಿತು.

ಹೋಲ್‌ರಾಯ್ಡ್ ಮೂರೂ ಪಟ್ಟಿಗೆ, ಎರಡು ಹಳೆಯ ಕೀಲಿಗೆ ಚೀಟಿ ಅಂಟಿಸಿ ಒಯ್ದ. ಕೆಂಪು ಸಾಲು ಹೊಡೆದುಹಾಕಲು ಬರೆದವನ ಸಹಿಯೇ ಬೇಕಂತೆ. ಅದು ನಿನ್ನ ಕೆಲಸ.

ನಿನ್ನ,
ನೆವಿಲ್

*

ಫೈಲಿ
20 ಜುಲೈ 2009

ಪ್ರಿಯ ನೆವಿಲ್,

ಹೋಲ್‌ರಾಯ್ಡ್‌ಗೆ ಬರೆದ ಕಾಗದದ ಪ್ರತಿ ಇದರೊಂದಿಗಿದೆ. ಅದರಲ್ಲಿರುವುದು ಮೂರು ವಾಕ್ಯ. ಸಲಾಕೆಗಳು ಬ್ಯಾರಕ್ಲಫ್‌ನ ಸ್ವಂತ ಕೆಲಸ. ನಾನು ಹೊರಮೈ ನೋಡಿ ತೀರ್ಪು ಕೊಟ್ಟೆ, ತಗ್ಗಿನೊಳಗೆ ನೋಡಲಿಲ್ಲ. ಕೀಲಿಯ ಅಳತೆ ತಪ್ಪಿದ್ದೂ ನಾನೇ.

ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಬೇಕೆಂದು ಕೇಳಿದ್ದೇನೆ. ಅಂದು ಎಲ್ಲರೆದುರು ಬರೆದದ್ದನ್ನು ಇಂದು ಮೂಲೆಯಲ್ಲಿ ಹೊಡೆದುಹಾಕುವುದು ಸರಿಯಲ್ಲ.

ಬಂಡಿಯನ್ನು ಅಕ್ಟೋಬರಿಗೆ ಕಳಿಸು. ಹೊಸದೇನಾದರೂ ಮಾಡಿದ್ದರೆ ಅದನ್ನಲ್ಲ, ಹಳೆಯದನ್ನೇ. ಬಾಯ್ಲರನ್ನು ಮೊದಲು ಪರೀಕ್ಷೆ ಮಾಡಿಸು, ಐದು ವರ್ಷ ಒಣಗಿದೆ. ತಗ್ಗಿಗೆ ಹೊಳಪು ಕೊಡಬೇಡ.

ಬ್ರೆಂಡಾಗೆ ಪರದೆಗಳು ಇನ್ನೂ ಚೆನ್ನಾಗಿವೆ ಎಂದು ಹೇಳು.

ವಿಲ್ಫ್

*

ಟಾಡ್‌ಮರ್ಡನ್
18 ಅಕ್ಟೋಬರ್ 2009

ಪ್ರಿಯ ವಿಲ್ಫ್,

ಇದು ಆಸ್ಪತ್ರೆಯ ಹಾಸಿಗೆಗೆ ಬರುವ ಕಾಗದ. ಓದುವಾಗ ನಗಬೇಡ, ಹೊಲಿಗೆ ಬಿಚ್ಚೀತು. ಸೊಂಟದ ಕೀಲು ಬದಲಿಸಿ ಕೂರಿಸಿದ ಹೊಸ ಗುಂಡು ಎಷ್ಟು ಮಿಲಿಮೀಟರಿನದೆಂದು ಡಾಕ್ಟರನ್ನು ಕೇಳಿದೆಯಾ? ಇಂಚಿನದು ಹಾಕಿಸಿಕೊಳ್ಳುತ್ತೇನೆಂದು ಹಟ ಹಿಡಿದಿಲ್ಲ ತಾನೆ?

ನಿನ್ನೆ ಶನಿವಾರ ಪ್ರದರ್ಶನ. ಬೆಳಿಗ್ಗೆ ಹತ್ತಕ್ಕೆ ಬಂಡಿ ಹೊತ್ತು ಒಳಗೆ ಹೋದರೆ ಕಾಲು ತಾನಾಗಿ ಕೇಕಿನ ಮೇಜಿನ ಕಡೆ ತಿರುಗಿತು. ಹೋಲ್‌ರಾಯ್ಡ್ ಕೂಗಿದ: "ಅಲ್ಲಲ್ಲ ನೆವಿಲ್, ಆ ಕಡೆ ಬಾರಯ್ಯ, ನಡುವಿನ ಮೇಜು!" ನಡುವಿನ ಮೇಜು, ಹಸಿರು ಬಟ್ಟೆ, ಮೇಲೆ ದೀಪ. ಈ ವರ್ಷದ ತೀರ್ಪುಗಾರ ಬೇರೆ ಊರಿನಿಂದ ಬಂದವನು. ನಮ್ಮ ಪುರಾಣ ಒಂದೂ ಗೊತ್ತಿಲ್ಲದವನು. ಅವನು ಸಲಾಕೆಯ ಮುಂದೆ ಬಹಳ ಹೊತ್ತು ನಿಂತ. ಬಗ್ಗಿದ. ಜೇಬಿನಿಂದ ಭೂತಗನ್ನಡಿ ತೆಗೆದ. ನೇರ ತಗ್ಗಿನೊಳಗೆ ನೋಡಿದ. ನೋಡು ವಿಲ್ಫ್, ಹಾಗೆ ನೋಡುವವರೂ ಇದ್ದಾರೆ.

"ಇದೇನ್ರೀ, ಪ್ರತಿ ಐದಕ್ಕೊಂದು?"

"ಚೀಟಿ ಓದಿ ಸ್ವಾಮಿ" ಎಂದೆ.

ಚೀಟಿಯಲ್ಲಿ, 'ಪರರಿಂದ ಮಾಡಿಸಿದ ಭಾಗಗಳು' ಎಂಬಲ್ಲಿ, ನನ್ನ ಕೈಯಿಂದ ಹೀಗೆ ಬರೆದಿದ್ದೆ: 'ಒತ್ತಡದ ಮಾಪಕ ಕೊಂಡದ್ದು. ಸಲಾಕೆಗಳು ನನ್ನವು. ಅವುಗಳ ತಳದಲ್ಲಿರುವ ಐದನೆಯ ಗೀರು ಮಾತ್ರ ನನ್ನದಲ್ಲ, ಅದು ಫೈಲಿಯ ವಿಲ್ಫ್ ಸಟ್‌ಕ್ಲಿಫ್ ಅವರ ಕೈಕೆಲಸ.'

ಅವನು ಎರಡು ಸಲ ಓದಿದ. ಹಿಂದೆ ನಿಂತಿದ್ದ ಡೆನ್ನಿಸ್ ಪೂರ್ತಿ ಕಥೆ ಹೇಳಿದ, ತಾನೇ ಗುರುತು ಕಂಡುಹಿಡಿದವನ ಹಾಗೆ. ಹೇಳಲಿ, ಚೆನ್ನಾಗಿ ಹೇಳಿದ. ಸಲಾಕೆಗೆ ಇಪ್ಪತ್ತಕ್ಕೆ ಇಪ್ಪತ್ತು ಅಂಕ. ಬಂಡಿಗೆ ಒಟ್ಟಾರೆ ಎರಡನೆಯ ಸ್ಥಾನ. ಚಿಮಣಿಯ ಬಣ್ಣ ಹಪ್ಪಳದಂತೆ ಎದ್ದಿದೆ ಎಂದು ಮೂರು ಅಂಕ ಕಳೆದ. ಅದು ನಿಜ, ಒಪ್ಪಿಕೊಂಡೆ.

ಮಧ್ಯಾಹ್ನ ಹಳಿಯ ಮೇಲೆ ಉಗಿ ಹಾಕಿ ಓಡಿಸಿದೆವು. ಬಂಡಿ ಎಳೆಯುವ ಕುಳ್ಳು ಗಾಡಿಯಲ್ಲಿ ನನ್ನ ಹಿಂದೆ ಬ್ರೆಂಡಾ ಕೂತಿದ್ದಳು, ಒಳ್ಳೆಯ ಟೋಪಿ ಹಾಕಿಕೊಂಡು. ಆರು ಸುತ್ತು. ಸಲಾಕೆಗಳು ಬಿಸಿಲಿಗೆ ಮೇಲೆ ಕೆಳಗೆ ಹೊಳೆದವು, ಜನ ಅವನ್ನೇ ನೋಡಿದರು. ನೋಡಲಿ ಎಂದೇ ನಿಧಾನಕ್ಕೆ ಓಡಿಸಿದೆ.

ಇನ್ನು ಯಾರಿಗೆ ಏನು ಬಂತು ಎಂಬ ಪಟ್ಟಿ.

ಹೋಲ್‌ರಾಯ್ಡ್‌ಗೆ: ಒಂದು ಹೊಸ ನಿಯಮ. ಕೆಂಪು ಶಾಯಿ ಬಳಸುವ ಮುಂಚೆ ತೀರ್ಪುಗಾರ ಪ್ರದರ್ಶಕನನ್ನು ಎದುರಿಗೆ ಕೂರಿಸಿ ಕೇಳಬೇಕು.
ಡೆನ್ನಿಸ್‌ಗೆ: ಒಂದು ಕಥೆ, ಇನ್ನು ಹತ್ತು ವರ್ಷಕ್ಕೆ ಸಾಕು.
ಬ್ರೆಂಡಾಗೆ: ಸದ್ದಿಲ್ಲದ ಶೆಡ್ಡು, ಊಟಕ್ಕೆ ಜೊತೆ ಕೂರುವ ಗಂಡ.
ಯಂತ್ರಕ್ಕೆ: ನಾಲ್ಕು ಮಿಲಿಮೀಟರಿನ ಕೀಲಿ ಎರಡು.
ನಿನಗೆ: ಒಂದು ಸೊಂಟ, ಸಂಘದ ಪುಸ್ತಕದಲ್ಲಿ ನಿನ್ನ ಸಹಿಯಿರುವ ಮೂರು ವಾಕ್ಯ, ಮತ್ತು ಮುಂದಿನ ಗುರುವಾರ ಆಸ್ಪತ್ರೆಯ ಭೇಟಿಯ ವೇಳೆಗೆ ನಾವಿಬ್ಬರು.
ನನಗೆ: ಎರಡು ಸಲಾಕೆ.

ನಿನ್ನ,
ನೆವಿಲ್